ಶಿಕ್ಷಕರಿಗೂ ಮುಖ್ಯೋಪಾಧ್ಯಾಯರಿಗೂ ಮೌಲ್ಯಮಾಪನ ರೂಬ್ರಿಕ್: ಆಯ್ಕೆಯಿಂದ ಜಾರಿಯವರೆಗೆ

ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಆಡಳಿತ ಮಂಡಳಿಯ ಕಾರ್ಯದರ್ಶಿಗಳಿಂದಲೂ ಮುಖ್ಯೋಪಾಧ್ಯಾಯರಿಂದಲೂ ಒಂದೇ ಕೋರಿಕೆ ಬರುತ್ತದೆ: ನಮ್ಮ ಶಿಕ್ಷಕರ ಕೆಲಸವನ್ನು ಅಳೆಯಲು ಒಂದು ಒಳ್ಳೆಯ ನಮೂನೆ ಕಳುಹಿಸಿಕೊಡಿ. ನಮೂನೆ ಕಳುಹಿಸುವುದು ಸುಲಭದ ಕೆಲಸ. ಆದರೆ ಮಾರ್ಚ್ ತಿಂಗಳಲ್ಲಿ ಅದೇ ನಮೂನೆಯನ್ನು ತೆರೆದು ನೋಡಿದರೆ ಎಲ್ಲ ಶಿಕ್ಷಕರ ಹೆಸರಿನ ಮುಂದೆ ‘ಉತ್ತಮ’ ಎಂದೇ ಬರೆದಿರುತ್ತದೆ, ಇಲ್ಲವೇ ಮುಖ್ಯೋಪಾಧ್ಯಾಯರಿಗೆ ಯಾರ ಮೇಲೆ ಅಸಮಾಧಾನವಿದೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಇದು ನಮ್ಮೂರಿನ ಕಾಯಿಲೆ ಮಾತ್ರವಲ್ಲ. ಅಮೆರಿಕದ ನಾಲ್ಕು ರಾಜ್ಯಗಳ 12 ಶಾಲಾ ಜಿಲ್ಲೆಗಳಲ್ಲಿ ‘ದ ನ್ಯೂ ಟೀಚರ್ ಪ್ರಾಜೆಕ್ಟ್’ ಎಂಬ ಸಂಸ್ಥೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ತೃಪ್ತಿಕರ’, ‘ಅತೃಪ್ತಿಕರ’ ಎಂಬ ಎರಡೇ ದರ್ಜೆಗಳಿದ್ದ ಕಡೆ ಶೇ. 99ಕ್ಕಿಂತ ಹೆಚ್ಚು ಶಿಕ್ಷಕರು ತೃಪ್ತಿಕರ ಎನಿಸಿಕೊಂಡಿದ್ದರು. ಎಲ್ಲರಿಗೂ ಒಂದೇ ಮಾತು ಹೇಳುವ ಅಳತೆಗೋಲಿನಿಂದ ಒಳ್ಳೆಯ ಶಿಕ್ಷಕಿಗೆ ಮನ್ನಣೆಯೂ ಸಿಗುವುದಿಲ್ಲ, ತಿಣುಕಾಡುತ್ತಿರುವ ಹೊಸಬರಿಗೆ ನೆರವೂ ಸಿಗುವುದಿಲ್ಲ.

ಮೊದಲು ಪದದ ಅರ್ಥ. ರೂಬ್ರಿಕ್ ಎಂದರೆ ಒಂದು ಕೋಷ್ಟಕ. ಅದರ ಎಡಬದಿಯಲ್ಲಿ ಮಾನದಂಡಗಳು, ಅಂದರೆ ನೋಡಬೇಕಾದ ಅಂಶಗಳು ಇರುತ್ತವೆ. ಮೇಲ್ಸಾಲಿನಲ್ಲಿ ಮೂರೋ ನಾಲ್ಕೋ ಹಂತಗಳು ಇರುತ್ತವೆ. ಕೋಷ್ಟಕದ ಪ್ರತಿ ಮನೆಯಲ್ಲಿ, ಅಂದರೆ ಚೌಕದಲ್ಲಿ, ಆ ಅಂಶವು ಆ ಹಂತದಲ್ಲಿದ್ದರೆ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬ ವಿವರಣೆ ಇರುತ್ತದೆ. ಈ ವಿವರಣೆಗಳೇ ರೂಬ್ರಿಕ್‌ನ ಜೀವ. ಅವುಗಳಿಲ್ಲದೆ ಬರೀ 1ರಿಂದ 5ರವರೆಗೆ ಅಂಕ ಹಾಕುವ ಪಟ್ಟಿಯನ್ನು ಅಂಕಪಟ್ಟಿ ಎನ್ನಬಹುದೇ ಹೊರತು ರೂಬ್ರಿಕ್ ಎನ್ನಲಾಗದು.

ಹಂತ 1: ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ

ಪಾಠ ಸುಧಾರಿಸಲು ನೆರವಾಗುವುದು ಒಂದು ಉದ್ದೇಶ; ವೇತನ ಬಡ್ತಿ, ಖಾಯಂ ನೇಮಕ ಅಥವಾ ಕರಾರಿನ ಮುಂದುವರಿಕೆಯನ್ನು ತೀರ್ಮಾನಿಸುವುದು ಇನ್ನೊಂದು ಉದ್ದೇಶ. ಒಂದೇ ಭೇಟಿಯಿಂದ ಎರಡನ್ನೂ ಸಾಧಿಸಲು ಹೊರಟರೆ ಮೊದಲನೆಯದು ಕೈತಪ್ಪುತ್ತದೆ. ತಾನು ಹೇಳಿದ ಕಷ್ಟ ನಾಳೆ ಸಂಬಳದ ಲೆಕ್ಕಕ್ಕೆ ಸೇರುತ್ತದೆಂದು ಗೊತ್ತಿರುವ ಶಿಕ್ಷಕರು ‘ಭಿನ್ನರಾಶಿ ಕಲಿಸುವುದು ನನಗೆ ಕಷ್ಟವಾಗುತ್ತಿದೆ’ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಎರಡೂ ಬೇಕೇ ಬೇಕು ಎನ್ನುವ ಶಾಲೆಗಳು ಭೇಟಿಗಳನ್ನು ಬೇರ್ಪಡಿಸಬೇಕು. ಯಾವ ಭೇಟಿ ಯಾವುದಕ್ಕೆ ಎಂಬುದನ್ನು ಶಿಕ್ಷಕರಿಗೆ ಮೊದಲೇ ಲಿಖಿತವಾಗಿ ತಿಳಿಸಬೇಕು.

ಸರ್ಕಾರಿ ಶಾಲೆಯ ಓದುಗರಿಗೊಂದು ಮಾತು. ನಿಮ್ಮ ವಾರ್ಷಿಕ ಕಾರ್ಯನಿರ್ವಹಣಾ ವರದಿ ಸೇವಾ ನಿಯಮಗಳ ಪ್ರಕಾರ ನಡೆಯುತ್ತದೆ. ಅದನ್ನು ನೀವು ಬದಲಿಸಲು ಬರುವುದಿಲ್ಲ. ಶಾಲೆಯ ಮಟ್ಟದಲ್ಲಿ ನೀವು ತರುವ ರೂಬ್ರಿಕ್ ಕಲಿಕೆಯ ನೆರವಿಗೆ ಮಾತ್ರ ಎಂದು ಸ್ಪಷ್ಟಪಡಿಸಿದರೆ ಗೊಂದಲವಿರುವುದಿಲ್ಲ.

ಹಂತ 2: ಹೊಸದಾಗಿ ಬರೆಯುವ ಮೊದಲು ಈಗಾಗಲೇ ಇರುವುದನ್ನು ಓದಿ

ಭಾರತದ ಶಾಲೆಗಳಿಗಾಗಿಯೇ ಸಿದ್ಧವಾದ ಎರಡು ಚೌಕಟ್ಟುಗಳಿವೆ. ಮೊದಲನೆಯದು, ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯಾದ ಎನ್‌ಸಿಇಆರ್‌ಟಿ ಪ್ರಾಥಮಿಕ ಶಾಲಾ ಶಿಕ್ಷಕರಿಗಾಗಿ ರೂಪಿಸಿದ ‘ಪಿಂಡಿಕ್ಸ್’ ಎಂಬ ಸೂಚಕಗಳ ಪಟ್ಟಿ. ಇದರಲ್ಲಿ ಏಳು ಮಾನಕಗಳಿವೆ: ಕಲಿಕಾನುಭವಗಳ ಯೋಜನೆ, ವಿಷಯಜ್ಞಾನ, ಕಲಿಕೆಗೆ ಅನುಕೂಲಿಸುವ ವಿಧಾನಗಳು, ಪರಸ್ಪರ ಸಂಬಂಧ, ವೃತ್ತಿಪರ ಬೆಳವಣಿಗೆ, ಶಾಲಾಭಿವೃದ್ಧಿ ಮತ್ತು ಶಿಕ್ಷಕರ ಹಾಜರಾತಿ. ಪ್ರತಿ ಸೂಚಕಕ್ಕೂ ನಾಲ್ಕು ಹಂತಗಳು. ಶಿಕ್ಷಕರು ಮೊದಲು ತಮ್ಮನ್ನು ತಾವೇ ಅಳೆದುಕೊಳ್ಳಲು ಅವಕಾಶವಿರುವುದು ಇದರ ಹೆಚ್ಚುಗಾರಿಕೆ. ಎರಡನೆಯದು, 2015ರಲ್ಲಿ ಜಾರಿಗೆ ಬಂದ ‘ಶಾಲಾ ಸಿದ್ಧಿ’. ಇದು ಇಡೀ ಶಾಲೆಯನ್ನು 7 ಕ್ಷೇತ್ರ, 46 ಮಾನಕಗಳಲ್ಲಿ ನೋಡುತ್ತದೆ. ಒಂದು ಕ್ಷೇತ್ರವನ್ನು ಶಾಲೆಯ ನಾಯಕತ್ವಕ್ಕೂ ಮತ್ತೊಂದನ್ನು ಶಿಕ್ಷಕರ ಕಾರ್ಯನಿರ್ವಹಣೆ ಮತ್ತು ವೃತ್ತಿಪರ ಬೆಳವಣಿಗೆಗೂ ಮೀಸಲಿಟ್ಟಿದೆ. ಮುಖ್ಯೋಪಾಧ್ಯಾಯರಿಗೆ ರೂಬ್ರಿಕ್ ಬರೆಯುವವರು ಈ ಎರಡು ಕ್ಷೇತ್ರಗಳಿಂದ ಆರಂಭಿಸುವುದು ಒಳ್ಳೆಯದು.

ಹೊರದೇಶದವುಗಳಲ್ಲಿ ಷಾರ್ಲಟ್ ಡೇನಿಯಲ್ಸನ್ ಅವರು 1996ರಲ್ಲಿ ಪ್ರಕಟಿಸಿದ ಚೌಕಟ್ಟು ಹೆಚ್ಚು ಬಳಕೆಯಲ್ಲಿದೆ. ಯೋಜನೆ, ತರಗತಿಯ ವಾತಾವರಣ, ಬೋಧನೆ, ವೃತ್ತಿಪರ ಹೊಣೆಗಳು ಎಂಬ ನಾಲ್ಕು ಕ್ಷೇತ್ರಗಳ ಅಡಿ 22 ಅಂಶಗಳಿರುವ ಈ ಚೌಕಟ್ಟಿನ ವಿವರಣೆಗಳು ಬಹಳ ಸೂಕ್ಷ್ಮವಾಗಿವೆ. ಬಾಸ್ಟನ್ ನಗರದಲ್ಲಿ ಶಾಲಾ ಮುಖ್ಯಸ್ಥರಾಗಿದ್ದ ಕಿಮ್ ಮಾರ್ಷಲ್ ಅವರ ರೂಬ್ರಿಕ್‌ನಲ್ಲಿ ಆರು ಕ್ಷೇತ್ರಗಳು, ಒಂದೊಂದರಲ್ಲಿ ಹತ್ತು ಸಾಲುಗಳು ಇವೆ. ಅದರ ಜೊತೆಗೆ ಅವರು ಮುಂಚಿತವಾಗಿ ತಿಳಿಸದೆ ಹತ್ತು ಹದಿನೈದು ನಿಮಿಷದ ಚಿಕ್ಕ ಭೇಟಿಗಳನ್ನು ಮತ್ತೆ ಮತ್ತೆ ಮಾಡುವ ಪದ್ಧತಿಯನ್ನು ಪ್ರತಿಪಾದಿಸುತ್ತಾರೆ.

ಎಚ್ಚರಿಕೆ: ಹೊರದೇಶದ ಚೌಕಟ್ಟನ್ನು ಇಡಿಯಾಗಿ ಅನುವಾದಿಸಿ ಅಂಟಿಸಬೇಡಿ. ಮಕ್ಕಳ ಸಂಖ್ಯೆ ಮೂವತ್ತನ್ನೂ ಮುಟ್ಟದ, ಪ್ರತಿ ಗೋಡೆಯಲ್ಲೂ ಕಪಾಟಿರುವ ಕೋಣೆಯನ್ನು ಕಣ್ಣಮುಂದಿಟ್ಟುಕೊಂಡು ಬರೆದ ವಾಕ್ಯ, ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡ ಶಿಕ್ಷಕಿಗೆ ಅನ್ಯಾಯ ಮಾಡುತ್ತದೆ. ನಮ್ಮ ಸರ್ಕಾರಿ ಶಾಲೆಗಳ ಕೆಳ ತರಗತಿಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ತರಗತಿಯನ್ನೇ ನೋಡಿ. ಮಕ್ಕಳು ಗುಂಪುಗಳಲ್ಲಿ ಕುಳಿತು ಕಲಿಕಾ ಏಣಿಯ ಬೇರೆ ಬೇರೆ ಮೆಟ್ಟಿಲುಗಳಲ್ಲಿ, ಬೇರೆ ಬೇರೆ ಕಾರ್ಡುಗಳ ಮೇಲೆ ಕೆಲಸ ಮಾಡುತ್ತಿರುತ್ತಾರೆ. ಒಂದು ಗುಂಪಿನ ಜೊತೆ ಮಾತ್ರ ಶಿಕ್ಷಕಿ ನೆಲದ ಮೇಲೆ ಕುಳಿತಿರುತ್ತಾರೆ. ‘ಪಾಠದ ಉದ್ದೇಶವನ್ನು ಕಪ್ಪುಹಲಗೆಯ ಮೇಲೆ ಬರೆದು ಇಡೀ ತರಗತಿಗೆ ವಿವರಿಸುತ್ತಾರೆ’ ಎಂಬ ಮಾನದಂಡದಲ್ಲಿ ಇವರಿಗೆ ಸಿಗುವುದು ಸೊನ್ನೆ. ಇಲ್ಲಿ ತಪ್ಪು ಇರುವುದು ಕಾಗದದಲ್ಲಿ, ಶಿಕ್ಷಕಿಯಲ್ಲಿ ಅಲ್ಲ.

ಹಂತ 3: ಸಾಲುಗಳನ್ನು ಕಡಿಮೆ ಮಾಡಿ, ಉಳಿದವುಗಳ ಮಾತನ್ನು ತಿದ್ದಿ

ಎರಡು ಮೂರು ವಾರ ಹಿಡಿದರೂ ಚಿಂತೆಯಿಲ್ಲ, ಈ ಹಂತದಲ್ಲಿ ಅವಸರ ಬೇಡ. ಆರಂಭದ ವರ್ಷಕ್ಕೆ ಎಂಟರಿಂದ ಹತ್ತು ಮಾನದಂಡಗಳು ಸಾಕು. ಇಪ್ಪತ್ತು ನಿಮಿಷ ತರಗತಿಯಲ್ಲಿ ಕುಳಿತವರು ಅರವತ್ತು ಸಾಲುಗಳನ್ನು ತುಂಬಬೇಕಾದರೆ ಅರ್ಧದಷ್ಟನ್ನು ಊಹೆಯಿಂದಲೇ ತುಂಬುತ್ತಾರೆ.

ಆಯ್ದ ಪ್ರತಿ ಸಾಲಿಗೂ ಮೂರು ಪ್ರಶ್ನೆ ಹಾಕಿ. ಇದು ಕಣ್ಣಿಗೆ ಕಾಣುತ್ತದೆಯೇ ಅಥವಾ ದಾಖಲೆಯಲ್ಲಿ ಸಿಗುತ್ತದೆಯೇ? ಇದು ಶಿಕ್ಷಕರ ಕೈಯಲ್ಲಿರುವ ವಿಷಯವೇ? ಒಂದು ಸಾಲಿನಲ್ಲಿ ಒಂದೇ ವಿಷಯವಿದೆಯೇ? ‘ಮಕ್ಕಳ ಮೇಲೆ ಪ್ರೀತಿ ಇದೆ ಹಾಗೂ ಪಾಠೋಪಕರಣ ಬಳಸುತ್ತಾರೆ’ ಎಂಬಂಥ ಸಾಲು ಎರಡು ಕಡೆ ಸೋಲುತ್ತದೆ: ಪ್ರೀತಿಯನ್ನು ವೀಕ್ಷಕರು ನೋಡಲಾರರು, ಪ್ರೀತಿ ಇದ್ದು ಪಾಠೋಪಕರಣ ಬಳಸದವರಿಗೆ ಯಾವ ಹಂತ ಕೊಡಬೇಕೆಂಬುದು ತಿಳಿಯುವುದಿಲ್ಲ.

ಅತಿ ಸಾಮಾನ್ಯವಾದ ದೋಷವೆಂದರೆ ಹಂತಗಳ ನಡುವಿನ ವ್ಯತ್ಯಾಸವನ್ನು ‘ಅಪರೂಪಕ್ಕೆ’, ‘ಕೆಲವೊಮ್ಮೆ’, ‘ಸಾಮಾನ್ಯವಾಗಿ’, ‘ಯಾವಾಗಲೂ’ ಎಂಬ ನಾಲ್ಕು ಪದಗಳ ಮೇಲೆ ಹೊರಿಸುವುದು. ವರ್ಷಕ್ಕೆ ಮೂರು ಬಾರಿ ತರಗತಿಗೆ ಬರುವ ವ್ಯಕ್ತಿಗೆ ‘ಸಾಮಾನ್ಯವಾಗಿ’ ಏನು ನಡೆಯುತ್ತದೆಂದು ಹೇಗೆ ಗೊತ್ತಾಗಬೇಕು? ಒಂದು ಹಂತದಿಂದ ಇನ್ನೊಂದಕ್ಕೆ ಕೆಲಸದ ಸ್ವರೂಪವೇ ಬದಲಾಗಬೇಕು. ‘ಪ್ರಶ್ನೆ ಕೇಳುವ ಕ್ರಮ’ ಎಂಬ ಮಾನದಂಡವನ್ನು ಉದಾಹರಣೆಗೆ ಬರೆದು ತೋರಿಸುತ್ತೇನೆ.

ಮೊದಲ ಹಂತ: ಶಿಕ್ಷಕರು ಪ್ರಶ್ನೆ ಕೇಳಿ ತಾವೇ ಉತ್ತರ ಹೇಳುತ್ತಾರೆ, ಅಥವಾ ಇಡೀ ತರಗತಿ ಒಕ್ಕೊರಲಿನಿಂದ ‘ಅರ್ಥ ಆಯ್ತು ಸಾರ್’ ಎಂದದ್ದನ್ನೇ ಉತ್ತರವೆಂದು ತೆಗೆದುಕೊಳ್ಳುತ್ತಾರೆ.

ಎರಡನೆಯ ಹಂತ: ಒಬ್ಬೊಬ್ಬರನ್ನು ಹೆಸರಿಸಿ ಕೇಳುತ್ತಾರೆ, ಆದರೆ ಕೈಯೆತ್ತಿದ ಅದೇ ನಾಲ್ಕೈದು ಮಕ್ಕಳೇ ಉತ್ತರಿಸುತ್ತಾರೆ, ಪ್ರಶ್ನೆಗಳು ಪಠ್ಯದ ಸಾಲನ್ನು ನೆನಪಿಸಿಕೊಂಡು ಹೇಳುವಂಥವು.

ಮೂರನೆಯ ಹಂತ: ಕೈಯೆತ್ತದ ಮಕ್ಕಳನ್ನೂ ಕೇಳುತ್ತಾರೆ, ಯೋಚಿಸಲು ಬಿಡುವು ಕೊಡುತ್ತಾರೆ, ‘ಏಕೆ’, ‘ನಿನಗೆ ಹೇಗೆ ಗೊತ್ತಾಯಿತು’ ಎಂಬ ಪ್ರಶ್ನೆಗಳಿರುತ್ತವೆ, ತಪ್ಪು ಉತ್ತರ ಬಂದಾಗ ಅದರ ಹಿಂದಿನ ಯೋಚನೆಯನ್ನು ವಿಚಾರಿಸುತ್ತಾರೆ.

ನಾಲ್ಕನೆಯ ಹಂತ: ಮೂರನೆಯ ಹಂತದಲ್ಲಿರುವುದೆಲ್ಲವೂ ಇದ್ದು, ಮಕ್ಕಳು ಶಿಕ್ಷಕರನ್ನೂ ಪರಸ್ಪರರನ್ನೂ ಪ್ರಶ್ನಿಸುತ್ತಾರೆ; ಬಂದ ಉತ್ತರಗಳನ್ನು ಆಧರಿಸಿ ಶಿಕ್ಷಕರು ಅಲ್ಲಿಯೇ ಪಾಠದ ದಾರಿಯನ್ನು ಬದಲಿಸುತ್ತಾರೆ.

ಇಲ್ಲಿ ಯಾವ ಹಂತದಲ್ಲೂ ‘ಉತ್ತಮ’, ‘ಪರಿಣಾಮಕಾರಿ’ ಎಂಬ ಪದವಿಲ್ಲ ಎಂಬುದನ್ನು ಗಮನಿಸಿ. ‘ಯೋಚಿಸಲು ಬಿಡುವು’ ಎಂಬುದನ್ನೂ ಅಳೆಯಬಹುದು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಮೂರು ಸೆಕೆಂಡಿನವರೆಗೆ ಕಾದರೆ ಮಕ್ಕಳ ಉತ್ತರಗಳು ದೀರ್ಘವಾಗುತ್ತವೆ ಎಂದು ಅಮೆರಿಕದ ಮೇರಿ ಬಡ್ ರೋ ಅವರು 1970ರ ದಶಕದ ತಮ್ಮ ಅಧ್ಯಯನಗಳಲ್ಲಿ ತೋರಿಸಿದರು. ಗೋಡೆ ಗಡಿಯಾರವಿದ್ದರೆ ವೀಕ್ಷಕರಿಗೆ ಅಷ್ಟೇ ಸಾಕು.

ಹಂತಗಳು ನಾಲ್ಕಿರಲಿ. ಐದು ಇಟ್ಟರೆ ಹೆಚ್ಚಿನವರು ನಡುವಿನ ಮೂರಕ್ಕೆ ಜೋತುಬೀಳುತ್ತಾರೆ. ಮೂರನೆಯ ಹಂತವೇ ಶಾಲೆಯು ಪ್ರತಿಯೊಬ್ಬರಿಂದ ನಿರೀಕ್ಷಿಸುವ ಮಟ್ಟ, ನಾಲ್ಕನೆಯದು ಬೇರೆ ಶಿಕ್ಷಕರನ್ನು ಕರೆದು ತೋರಿಸಬಹುದಾದ ಪಾಠ ಎಂದು ಮೊದಲೇ ಸಾರಿಬಿಡಿ. ಇಲ್ಲವಾದರೆ ಮೂರು ಬಂದವರು ತಮಗೆ ಮುಕ್ಕಾಲು ಅಂಕ ಬಂತೆಂದು ನೊಂದುಕೊಳ್ಳುತ್ತಾರೆ. ಪರೀಕ್ಷೆಯ ಅಂಕಗಳಲ್ಲೇ ಬದುಕುವ ನಮಗೆಲ್ಲ ಆ ಅಭ್ಯಾಸ ಸುಲಭಕ್ಕೆ ಬಿಡುವುದಿಲ್ಲ.

ಈ ತಿದ್ದುಪಡಿಯಲ್ಲಿ ಶಿಕ್ಷಕರು ಇರಲೇಬೇಕು. ಕನ್ನಡ, ಗಣಿತ, ವಿಜ್ಞಾನ, ದೈಹಿಕ ಶಿಕ್ಷಣ ಎಲ್ಲದರಿಂದಲೂ ಒಬ್ಬೊಬ್ಬರನ್ನು ಕೂರಿಸಿಕೊಳ್ಳಿ. ದೈಹಿಕ ಶಿಕ್ಷಣ ಶಿಕ್ಷಕರನ್ನು ಕರೆಯದೆ ಬರೆದ ರೂಬ್ರಿಕ್‌ನಲ್ಲಿ ಮೈದಾನಕ್ಕೆ ಹೊಂದುವ ಒಂದು ಸಾಲೂ ಇರುವುದಿಲ್ಲ.

ಹಂತ 4: ರೂಬ್ರಿಕ್‌ನ ಹೊರಗೆ ಇರಬೇಕಾದದ್ದನ್ನು ಹೊರಗಿಡಿ

ಮಕ್ಕಳನ್ನು ಹೊಡೆಯದಿರುವುದು, ಮಾನಸಿಕವಾಗಿ ಹಿಂಸಿಸದಿರುವುದು, ಜಾತಿ ಹಿಡಿದು ಭೇದ ಮಾಡದಿರುವುದು ಇವುಗಳಿಗೆ ಹಂತಗಳಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ‘ಶಿಸ್ತು ಕಾಪಾಡುವ ವಿಧಾನ’ ಎಂಬ ಸಾಲಿನಲ್ಲಿ ಹೊಡೆತವನ್ನು ಮೊದಲ ಹಂತವಾಗಿ ಬರೆದರೆ ಅದು ಕಡಿಮೆ ಅಂಕದ ಒಂದು ಪದ್ಧತಿ ಎಂಬ ಅರ್ಥ ಬಂದುಬಿಡುತ್ತದೆ. ಇಂಥವನ್ನು ಹೌದು ಅಥವಾ ಇಲ್ಲ ಎಂಬ ಪ್ರತ್ಯೇಕ ಪಟ್ಟಿಯಲ್ಲಿಟ್ಟು, ಉಲ್ಲಂಘನೆಯಾದರೆ ಕಾನೂನಿನ ಕ್ರಮ ಅನುಸರಿಸಿ.

ಪರೀಕ್ಷಾ ಫಲಿತಾಂಶದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಎಸ್‌ಎಸ್‌ಎಲ್‌ಸಿ ಶೇಕಡಾವಾರು ಫಲಿತಾಂಶವನ್ನು ಒಬ್ಬ ಶಿಕ್ಷಕರ ರೂಬ್ರಿಕ್‌ನಲ್ಲಿ ಒಂದು ಸಾಲಾಗಿ ಸೇರಿಸಬೇಡಿ. ಹತ್ತನೆಯ ತರಗತಿಗೆ ಬಂದ ಮಗುವಿನ ಗಣಿತಕ್ಕೆ ಹಿಂದಿನ ಒಂಬತ್ತು ವರ್ಷದ ಶಿಕ್ಷಕರೂ, ಮನೆಯ ಸ್ಥಿತಿಯೂ ಕಾರಣ. ಅಂಕ ಬೇಕೆಂದರೆ ಒಂಬತ್ತನೆಯ ತರಗತಿಯಲ್ಲೇ ದುರ್ಬಲ ಮಕ್ಕಳನ್ನು ಸದ್ದಿಲ್ಲದೆ ಹೊರದೂಡುವ ಪ್ರಲೋಭನೆಯೂ ಹುಟ್ಟುತ್ತದೆ. ಕಲಿಕೆಯ ಪ್ರಗತಿಯನ್ನು ನೋಡಲೇಬೇಕೆಂದರೆ ಜೂನ್‌ನ ಸೇತುಬಂಧ (ಹಿಂದಿನ ತರಗತಿಯ ಕಲಿಕೆಯ ಕೊರತೆ ತುಂಬುವ) ಕಾರ್ಯಕ್ರಮದ ನೈದಾನಿಕ ಪರೀಕ್ಷೆ ನಿಮ್ಮ ಕೈಯಲ್ಲೇ ಇದೆ. ನೈದಾನಿಕ ಎಂದರೆ ಮಗು ಎಲ್ಲಿ ಎಡವುತ್ತಿದೆ ಎಂಬುದನ್ನು ಪತ್ತೆಹಚ್ಚುವ ಪರೀಕ್ಷೆ. ಅದರ ಫಲಿತಾಂಶವನ್ನು ಶಿಕ್ಷಕರು ಮುಂದಿನ ಪಾಠ ಯೋಜನೆಯಲ್ಲಿ ಹೇಗೆ ಬಳಸಿಕೊಂಡರು ಎಂಬುದನ್ನು ಮಾನದಂಡ ಮಾಡಿ. ಅದು ಅವರ ಕೈಯಲ್ಲಿರುವ ಕೆಲಸ.

ಹಂತ 5: ವೀಕ್ಷಕರ ಕಣ್ಣುಗಳನ್ನು ತಾಳೆ ಮಾಡಿ

ಹೆಚ್ಚಿನ ಶಾಲೆಗಳು ಬಿಟ್ಟುಬಿಡುವ ಹಂತವಿದು. ಒಂದೇ ಪಾಠವನ್ನು ನೋಡಿದ ಇಬ್ಬರು ಬೇರೆ ಬೇರೆ ಹಂತ ಬರೆದರೆ ಶಿಕ್ಷಕರ ಅಂಕವನ್ನು ನಿರ್ಧರಿಸಿದ್ದು ಪಾಠವಲ್ಲ, ಅಂದು ಯಾರು ಬಂದರು ಎಂಬ ಅದೃಷ್ಟ. ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ ಅಮೆರಿಕದಲ್ಲಿ ಸುಮಾರು 3,000 ಶಿಕ್ಷಕರನ್ನು ಒಳಗೊಂಡು ನಡೆದ ಅಧ್ಯಯನವೊಂದು, ಅದೇ ವೀಕ್ಷಕರು ಇನ್ನೊಂದು ಪಾಠ ನೋಡುವುದಕ್ಕಿಂತ ಬೇರೊಬ್ಬ ವೀಕ್ಷಕರು ನೋಡುವುದರಿಂದ ಅಳತೆಯ ವಿಶ್ವಾಸಾರ್ಹತೆ ಹೆಚ್ಚುತ್ತದೆ ಎಂದು ಕಂಡುಕೊಂಡಿತು.

ಮಾಡಬೇಕಾದದ್ದು ಇಷ್ಟು. ಒಪ್ಪಿಗೆ ಕೊಟ್ಟ ಶಿಕ್ಷಕರೊಬ್ಬರ ಪಾಠವನ್ನು ಮೊಬೈಲ್‌ನಲ್ಲಿ ಚಿತ್ರಿಸಿಕೊಳ್ಳಿ. ವೀಕ್ಷಕರಾಗುವ ಮೂರು ನಾಲ್ಕು ಜನ ಅದನ್ನು ನೋಡಿ, ಪರಸ್ಪರ ಮಾತನಾಡದೆ ಹಂತಗಳನ್ನು ಬರೆಯಲಿ. ಬಳಿಕ ಹೋಲಿಸಿ. ಹತ್ತು ಮಾನದಂಡಗಳಲ್ಲಿ ಇಬ್ಬರದೂ ಏಳರಲ್ಲಿ ಒಂದೇ ಇದ್ದರೆ ಸಹಮತ ಶೇ. 70. ‘ಒಂದು ಹಂತ ಆಚೀಚೆ ಇದ್ದರೂ ಪರವಾಗಿಲ್ಲ’ ಎಂಬ ಉದಾರ ಲೆಕ್ಕಕ್ಕೆ ಮರುಳಾಗಬೇಡಿ. ನಾಲ್ಕು ಹಂತಗಳಿದ್ದಾಗ ಇಬ್ಬರು ಪಾಠವನ್ನೇ ನೋಡದೆ ಚೀಟಿ ಎತ್ತಿ ಅಂಕ ಹಾಕಿದರೂ, ಸಾಧ್ಯವಿರುವ 16 ಜೋಡಿಗಳಲ್ಲಿ 10 ಜೋಡಿಗಳು ಒಂದು ಹಂತದ ಅಂತರದೊಳಗೇ ಬೀಳುತ್ತವೆ, ಅಂದರೆ ಶೇ. 62.5 ಸಹಮತ ಪುಕ್ಕಟೆಯಾಗಿ ಸಿಗುತ್ತದೆ. ನಿಖರವಾಗಿ ಒಂದೇ ಹಂತ ಬರುವುದು ಚೀಟಿಯಲ್ಲಿ ಶೇ. 25 ಮಾತ್ರ. ಆದ್ದರಿಂದ ನಿಖರ ಸಹಮತವನ್ನೇ ಲೆಕ್ಕಹಾಕಿ.

ಭಿನ್ನಾಭಿಪ್ರಾಯ ಬಂದ ಸಾಲಿನಲ್ಲಿ ‘ಯಾರು ಸರಿ’ ಎಂದು ಕೇಳುವ ಬದಲು ‘ನೀವು ಏನನ್ನು ಕಂಡಿರಿ’ ಎಂದು ಕೇಳಿ. ಬಹಳ ಸಲ ಇಬ್ಬರೂ ಕಂಡದ್ದು ಒಂದೇ ಆಗಿದ್ದು, ವಿವರಣೆಯ ಒಂದು ಪದವನ್ನು ಬೇರೆ ಬೇರೆಯಾಗಿ ಓದಿರುತ್ತಾರೆ. ಹಾಗಿದ್ದರೆ ಆ ಪದವನ್ನು ಬದಲಿಸಿ. ಮೂರು ಸಲ ಕುಳಿತರೂ ತಾಳೆಯಾಗದ ಸಾಲನ್ನು ಕಿತ್ತುಹಾಕುವುದೇ ಸರಿ.

ಹಂತ 6: ಭೇಟಿ, ಟಿಪ್ಪಣಿ, ಮಾತುಕತೆ

ಮೊದಲು ಸಮಯದ ಲೆಕ್ಕ. ಹನ್ನೆರಡು ಶಿಕ್ಷಕರು, ಒಬ್ಬೊಬ್ಬರಿಗೆ ವರ್ಷಕ್ಕೆ ಮೂರು ಭೇಟಿ, ಭೇಟಿಗೆ 20 ನಿಮಿಷ, ಮಾತುಕತೆಗೆ 15 ನಿಮಿಷ ಎಂದರೆ ಒಟ್ಟು 21 ಗಂಟೆ. ಇದು ವರ್ಷದಲ್ಲಿ ಹೊಂದಿಸಲಾಗದ ಸಮಯವೇನಲ್ಲ, ಆದರೆ ವೇಳಾಪಟ್ಟಿಯಲ್ಲಿ ಬರೆದಿಡದಿದ್ದರೆ ಖಂಡಿತ ನಡೆಯುವುದಿಲ್ಲ. ಮೊದಲ ಸುತ್ತನ್ನು ಜುಲೈ, ಆಗಸ್ಟ್‌ನಲ್ಲಿ, ಎರಡನೆಯದನ್ನು ದಸರಾ ರಜೆಯ ನಂತರ ನವೆಂಬರ್‌ನಲ್ಲಿ, ಮೂರನೆಯದನ್ನು ಜನವರಿಯಲ್ಲಿ ಮುಗಿಸಿ. ಫೆಬ್ರವರಿಯಿಂದಾಚೆ ಪ್ರೌಢಶಾಲೆಯಲ್ಲಿ ಪುನರಾವರ್ತನೆಯೂ ಪೂರ್ವಸಿದ್ಧತಾ ಪರೀಕ್ಷೆಗಳೂ ತುಂಬಿರುವುದರಿಂದ ಸಹಜವಾದ ಪಾಠ ನೋಡಲು ಸಿಗುವುದಿಲ್ಲ.

ತರಗತಿಯಲ್ಲಿ ಕುಳಿತಾಗ ರೂಬ್ರಿಕ್ ಕೈಯಲ್ಲಿ ಬೇಡ. ಖಾಲಿ ಹಾಳೆಯಲ್ಲಿ ಸಮಯ ಹಾಕಿ, ಕೇಳಿದ್ದನ್ನೂ ಕಂಡದ್ದನ್ನೂ ಹಾಗೆಯೇ ಬರೆಯಿರಿ. ‘11.10: ಹಿಂದಿನ ಸಾಲಿನ ಆರು ಮಕ್ಕಳ ಬಳಿ ಪುಸ್ತಕ ತೆರೆದಿಲ್ಲ. 11.14: ಶಿಕ್ಷಕಿ ಅವರ ಬಳಿ ಹೋಗಿ ಒಂದು ಲೆಕ್ಕ ಬಿಡಿಸಲು ಹೇಳಿದರು’ ಎಂಬುದು ಪುರಾವೆ, ‘ಹಿಂದಿನ ಸಾಲಿನ ಮೇಲೆ ಹಿಡಿತವಿಲ್ಲ’ ಎಂಬುದು ತೀರ್ಪು. ಕೋಣೆಗೆ ಮರಳಿದ ಮೇಲೆ ಪುರಾವೆಗಳನ್ನು ರೂಬ್ರಿಕ್‌ನ ಸಾಲುಗಳಿಗೆ ಹೊಂದಿಸಿ. ಪುರಾವೆ ಸಿಗದ ಸಾಲನ್ನು ಖಾಲಿ ಬಿಡಿ. ಖಾಲಿ ಮನೆ ಅವಮಾನವಲ್ಲ.

ಮೊದಲ ಭೇಟಿಯನ್ನು ತಿಳಿಸಿ ಮಾಡಿ, ಉಳಿದವನ್ನು ತಿಳಿಸದೆ ಮಾಡಿ. ಎಲ್ಲವನ್ನೂ ಮೊದಲೇ ತಿಳಿಸಿದರೆ ನೀವು ನೋಡುವುದು ‘ಇನ್‌ಸ್ಪೆಕ್ಷನ್’ ದಿನದ ಪಾಠವನ್ನು: ಗೋಡೆಯಲ್ಲಿ ಹೊಸ ಚಾರ್ಟು, ಮೊದಲ ಬೆಂಚಿನಲ್ಲಿ ಜಾಣ ಮಕ್ಕಳು, ನಿನ್ನೆಯೇ ಅಭ್ಯಾಸವಾದ ಉತ್ತರಗಳು.

ಮಾತುಕತೆ ಎರಡು ದಿನದೊಳಗೆ ಆಗಬೇಕು. ಶಿಕ್ಷಕರು ತಮ್ಮ ಹಂತಗಳನ್ನು ತಾವೇ ಬರೆದುಕೊಂಡು ಬರಲಿ. ಇಬ್ಬರ ಬರವಣಿಗೆ ಬೇರೆಯಾದ ಎರಡು ಮೂರು ಸಾಲುಗಳ ಬಗ್ಗೆ ಮಾತ್ರ ಮಾತನಾಡಿ. ಕೊನೆಗೆ ಮುಂದಿನ ಭೇಟಿಯವರೆಗೆ ಬದಲಿಸಿಕೊಳ್ಳಬೇಕಾದ ಒಂದೇ ಒಂದು ಅಂಶವನ್ನು ಇಬ್ಬರೂ ಒಪ್ಪಿ ಬರೆಯಿರಿ. ಸ್ಟಾಫ್ ರೂಮಿನಲ್ಲಿ, ಬೇರೆಯವರ ಎದುರು ಈ ಮಾತುಕತೆ ನಡೆಸಲೇಬಾರದು.

ಎಚ್ಚರಿಕೆ: ಎಲ್ಲ ಸಾಲುಗಳನ್ನು ಕೂಡಿ ಸರಾಸರಿ ತೆಗೆಯಬೇಡಿ. ಪಾಠ ಯೋಜನೆಯ ನಾಲ್ಕು, ಮಕ್ಕಳ ಕಲಿಕೆಯನ್ನು ಪರಿಶೀಲಿಸುವುದರ ಒಂದನ್ನು ಮುಚ್ಚಿಬಿಡುತ್ತದೆ. ಕೈಯಲ್ಲಿ ಉಳಿಯುವ ಎರಡೂವರೆ ಯಾರಿಗೂ ಏನನ್ನೂ ಹೇಳುವುದಿಲ್ಲ.

ಹಂತ 7: ಮುಖ್ಯೋಪಾಧ್ಯಾಯರ ರೂಬ್ರಿಕ್

ಶಿಕ್ಷಕರ ರೂಬ್ರಿಕ್ ತರುವ ವರ್ಷವೇ ಮುಖ್ಯೋಪಾಧ್ಯಾಯರದ್ದನ್ನೂ ತನ್ನಿ. ತಾನು ಅಳತೆಗೆ ಒಳಪಡದೆ ಉಳಿದವರನ್ನು ಅಳೆಯುವ ಮುಖ್ಯಸ್ಥರ ಮಾತಿಗೆ ಸ್ಟಾಫ್ ರೂಮಿನಲ್ಲಿ ಬೆಲೆ ಇರುವುದಿಲ್ಲ. ಆದರೆ ಅದನ್ನು ತರಗತಿ ವೀಕ್ಷಣೆಯಂತೆ ನಡೆಸಲಾಗದು. ಮುಖ್ಯಸ್ಥರ ಕೆಲಸ ಬೇರೆಯವರ ಕೆಲಸದಲ್ಲಿ ಕಾಣಿಸಿಕೊಳ್ಳುವಂಥದ್ದು. ಹಾಗಾಗಿ ಪುರಾವೆಗಳು ದಾಖಲೆಗಳಿಂದ ಬರಬೇಕು: ಯೋಜಿಸಿದ ಭೇಟಿಗಳಲ್ಲಿ ಎಷ್ಟು ನಡೆದವು, ಎಷ್ಟು ದಿನದೊಳಗೆ ಮಾತುಕತೆಯಾಯಿತು, ರಜೆ ಹಾಕಿದ ಶಿಕ್ಷಕರ ಅವಧಿಗಳನ್ನು ಯಾರಿಗೆ ಹಂಚಲಾಯಿತು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಥವಾ ಪಾಲಕರ ಸಭೆಯ ನಡಾವಳಿಯಲ್ಲಿ ಕಲಿಕೆಯ ವಿಷಯ ಎಷ್ಟು ಸಲ ಚರ್ಚೆಗೆ ಬಂತು, ಸತತ ಗೈರಾದ ಮಗುವಿನ ಮನೆಗೆ ಯಾರು ಯಾವಾಗ ಹೋದರು. ಕಟ್ಟಡಕ್ಕೆ ಬಣ್ಣ ಬಳಿಸಿದ್ದು, ದಾನಿಗಳಿಂದ ಬೆಂಚು ತಂದದ್ದು ಮೆಚ್ಚತಕ್ಕ ಕೆಲಸಗಳೇ. ಆದರೆ ಬೋಧನೆಯ ಸಾಲುಗಳಿಗೆ ಅವು ಬದಲಿಯಾಗಲಾರವು.

ಶಿಕ್ಷಕರ ಅಭಿಪ್ರಾಯವನ್ನು ಹೆಸರಿಲ್ಲದೆ ಕೇಳುವ ಪದ್ಧತಿ ದೊಡ್ಡ ಶಾಲೆಗೆ ಸರಿ. ಆರು ಜನರಿರುವ ಶಾಲೆಯಲ್ಲಿ ಕೈಬರಹ ನೋಡಿದರೆ ಸಾಕು, ಬರೆದವರು ಯಾರೆಂದು ತಿಳಿಯುತ್ತದೆ. ಅಲ್ಲಿ ಮಂಡಳಿಯ ಸದಸ್ಯರೊಬ್ಬರು ಒಬ್ಬೊಬ್ಬರೊಡನೆ ಮಾತನಾಡಿ, ಸಾರಾಂಶವನ್ನು ಮಾತ್ರ ದಾಖಲಿಸಲಿ. ತರಗತಿಯ ಅನುಭವವಿಲ್ಲದ ಮಂಡಳಿಯೊಂದೇ ಮುಖ್ಯಸ್ಥರನ್ನು ಅಳೆಯುವುದೂ ಅಪಾಯಕಾರಿ. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ.

ಹಂತ 8: ಆಕ್ಷೇಪಣೆ ಮತ್ತು ದಾಖಲೆ

ಪ್ರತಿ ಹಾಳೆಯ ಕೆಳಗೆ ಶಿಕ್ಷಕರ ಟಿಪ್ಪಣಿಗೆ ಜಾಗವಿರಲಿ. ಅವರ ಸಹಿ ಎಂದರೆ ‘ಓದಿದ್ದೇನೆ’ ಎಂದೇ ಹೊರತು ‘ಒಪ್ಪಿದ್ದೇನೆ’ ಎಂದಲ್ಲ ಎಂಬುದನ್ನು ಅಲ್ಲೇ ಮುದ್ರಿಸಿ. ಹಂತವನ್ನು ಪ್ರಶ್ನಿಸಿದವರಿಗೆ ಇನ್ನೊಬ್ಬ ವೀಕ್ಷಕರಿಂದ ಹೊಸ ಭೇಟಿ ಕೊಡಿಸಿ. ಒಂದು ಪ್ರತಿ ಶಿಕ್ಷಕರ ಬಳಿ, ಒಂದು ಬೀಗದ ಕಪಾಟಿನಲ್ಲಿ ಇರಲಿ. ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೆ ಯಾವ ಹಾಳೆಯ ಚಿತ್ರವೂ ಹೋಗಕೂಡದು.

ಮೊದಲ ವರ್ಷದ ಹಂತಗಳನ್ನು ಯಾವ ತೀರ್ಮಾನಕ್ಕೂ ಬಳಸಬೇಡಿ. ಏಪ್ರಿಲ್‌ನಲ್ಲಿ ಎಲ್ಲ ಹಾಳೆಗಳನ್ನು ಹರಡಿಕೊಂಡು, ಎಲ್ಲರಿಗೂ ಒಂದೇ ಹಂತ ಬಂದ ಸಾಲುಗಳು ಯಾವುವು, ಹೆಚ್ಚಾಗಿ ಖಾಲಿ ಉಳಿದ ಸಾಲುಗಳು ಯಾವುವು ಎಂದು ಗುರುತು ಮಾಡಿ. ಆ ಸಾಲುಗಳನ್ನು ಶಿಕ್ಷಕರ ಎದುರೇ ತಿದ್ದಿ, ತಿದ್ದಿದ ಪ್ರತಿಯನ್ನು ಶಾಲೆ ತೆರೆಯುವ ವಾರ ಎಲ್ಲರ ಕೈಗೂ ಕೊಡಿ.